ಹಳೆಯ ಸ್ಕ್ಯಾನರೂ ಹೊಸ ಲಿನಕ್ಸೂ

ಕೆಲಸಕ್ಕೆ ಬರುವ ವಸ್ತುವನ್ನು ಮೂಲೆಗೆ ಹಾಕುವುದು ಮಿತವ್ಯಯದ ದೃಷ್ಟಿಯಿಂದ ತಪ್ಪು; ಅದು ಕೆಟ್ಟಿದೆಯೋ ಇಲ್ಲವೋ ಎಂದು ವಿಚಾರಿಸದೆಯೇ ಮೂಲೆಗೆ ಹಾಕುವುದು ವಿದ್ಯೆಯ ದೃಷ್ಟಿಯಿಂದ ಅದಕ್ಕಿಂತಲೂ ದೊಡ್ಡ ತಪ್ಪು. ಈ ಎರಡನೆಯ ತಪ್ಪು ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ದಿನೇ ದಿನೇ ಹೆಚ್ಚುತ್ತಲಿರುವುದರಿಂದ ಅದರ ಒಂದು ಸಣ್ಣ ದೃಷ್ಟಾಂತವನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಬಯಸುತ್ತೇನೆ. ವಿಷಯವು ಚಿಕ್ಕದಾಗಿ ಕಾಣಬಹುದು. ಆದರೆ ಅದರಿಂದ ಹೊರಡುವ ಪ್ರಶ್ನೆ ಚಿಕ್ಕದಲ್ಲ.

ಕಾಗದದ ಮೇಲಿನ ಬರಹವನ್ನೂ ಚಿತ್ರವನ್ನೂ ಪ್ರತಿಮಾಡಿ ಕಂಪ್ಯೂಟರಿಗೆ ಕಳುಹಿಸುವ ಸ್ಕ್ಯಾನರೆಂಬ ಯಂತ್ರವನ್ನು ಹದಿನೈದು ಇಪ್ಪತ್ತು ವರುಷಗಳ ಹಿಂದೆ ಅನೇಕ ಕುಟುಂಬದವರೂ ಸಂಸ್ಥೆಯವರೂ ಕೊಂಡುಕೊಂಡರು. ಇಂದು ಅವುಗಳಲ್ಲಿ ಹಲವು ಬೀರುವಿನ ಮೇಲೆ ಬಟ್ಟೆ ಹೊದ್ದು ಮಲಗಿವೆ. ಕಾರಣವನ್ನು ಕೇಳಿದರೆ, “ಹೊಸ ಕಂಪ್ಯೂಟರಿಗೆ ಅದು ಒಗ್ಗುವುದಿಲ್ಲ, ಹಳೆಯದಾಯಿತು” ಎಂಬ ಉತ್ತರವು ಸಿಕ್ಕುವುದು. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಇಲ್ಲಿ ಕುಣಿಯಲಾರದ್ದು ಹೊಸ ಕಂಪ್ಯೂಟರು; ಡೊಂಕೆನಿಸಿಕೊಂಡದ್ದು ಬಡಪಾಯಿ ಸ್ಕ್ಯಾನರು.

ಈ ಪ್ರಶ್ನೆಗೆ ಈಚೆಗೆ ಹೊಸ ಮಹತ್ವವೂ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಇಸವಿ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕೇಳುವ ಅರ್ಹತೆಗಳು ಇಲ್ಲದ ಎಷ್ಟೋ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಅಂದಿನಿಂದ ನಿರಾಶ್ರಿತವಾದುವು. ಅವುಗಳನ್ನು ಬಿಸಾಡಲು ಮನಸ್ಸಿಲ್ಲದ ಕೆಲವರು ಅವುಗಳಲ್ಲಿ ಲಿನಕ್ಸನ್ನು ಸ್ಥಾಪಿಸಿಕೊಂಡಿದ್ದಾರೆ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿಯಾದರೋ ಅನೇಕ ವರುಷಗಳಿಂದ ಲಿನಕ್ಸೇ ಪಾಠದ ಸಾಧನವಾಗಿದೆ. ಹೀಗೆ ಕಂಪ್ಯೂಟರಿಗೆ ಮರುಜೀವ ಬಂದ ಮನೆಯಲ್ಲಿ ಮುಂದಿನ ಪ್ರಶ್ನೆಯು ತಾನಾಗಿ ಏಳುವುದು: ಹಳೆಯ ಸ್ಕ್ಯಾನರು ಈ ಹೊಸ ವ್ಯವಸ್ಥೆಯಲ್ಲಿ ನಡೆದೀತೇ?

ಬಹಳ ಮಟ್ಟಿಗೆ ನಡೆದೀತು, ನಡೆಯಿಸಬೇಕು, ಮತ್ತು ನಡೆಯಿಸುವ ವಿದ್ಯೆಯನ್ನು ನಮ್ಮ ಹೆಣ್ಣು ಮಕ್ಕಳು ಕಲಿಯಬೇಕು ಎಂಬುದೇ ನನ್ನ ಅಭಿಪ್ರಾಯ.

ಮೊದಲು ಯಂತ್ರದ ರಚನೆಯನ್ನು ನೋಡುವ. ಗಾಜಿನ ಹಲಗೆಯ ಮೇಲೆ ಕಾಗದವನ್ನು ಬೋರಲಾಗಿ ಇಡುವೆವು. ಗಾಜಿನ ಕೆಳಗೆ, ಬೆಳಕು ಬೀರುವ ಹಾಗೂ ಬೆಳಕನ್ನು ಗ್ರಹಿಸುವ ಭಾಗಗಳುಳ್ಳ ಒಂದು ಪಟ್ಟಿಯನ್ನು ಚಿಕ್ಕ ಮೋಟಾರೊಂದು ಕೂದಲೆಳೆಯಷ್ಟು ಅಂತರದಲ್ಲಿ ಹೆಜ್ಜೆಹೆಜ್ಜೆಯಾಗಿ ಮುಂದಕ್ಕೆ ಸಾಗಿಸುವುದು. ಕಾಗದದಿಂದ ಹಿಂದಿರುಗಿದ ಬೆಳಕು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬ ಲೆಕ್ಕವು ಅಂಕೆಗಳಾಗಿ ತಂತಿಯ ಮೂಲಕ ಕಂಪ್ಯೂಟರಿಗೆ ಹೋಗುವುದು. ಇಷ್ಟೇ. ಇದರಲ್ಲಿ ಬೇಗನೆ ಸವೆಯತಕ್ಕ ಭಾಗಗಳು ಬಹಳ ಸ್ವಲ್ಪ. ಉದಾಹರಣೆಗೆ 2000ದ ದಶಕದ ಆರಂಭದಲ್ಲಿ ಮಾರಾಟಕ್ಕೆ ಬಂದ ಕ್ಯಾನನ್ ಸಂಸ್ಥೆಯ ಕ್ಯಾನೋಸ್ಕ್ಯಾನ್ ಲೈಡ್ 20 ಎಂಬುದನ್ನು ತೆಗೆದುಕೊಳ್ಳಬಹುದು. ಅದಕ್ಕೆ ಪ್ರತ್ಯೇಕ ವಿದ್ಯುತ್ತಿನ ತಂತಿಯೂ ಬೇಡ. ಯುಎಸ್‌ಬಿ ತಂತಿಯಲ್ಲಿ ಬರುವಷ್ಟೇ ಶಕ್ತಿಯಿಂದ ಅದು ಕೆಲಸ ಮಾಡುವುದು. ಅಂಗುಲಕ್ಕೆ 600 ಚುಕ್ಕೆಗಳನ್ನು ಅದು ಗ್ರಹಿಸಬಲ್ಲದು. ಸಾಮಾನ್ಯ ಬರಹದ ಹಾಳೆಗೆ 300 ಚುಕ್ಕೆಗಳು ಸಾಕಾಗಿರುವಾಗ ಇಂಥ ಯಂತ್ರವನ್ನು ಹಳತೆಂದು ಜರೆಯುವುದು ನ್ಯಾಯವಲ್ಲ.

ಹಾಗಾದರೆ ಕೆಟ್ಟದ್ದೇನು? ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ನಿಂತು ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ದುಭಾಷಿ ಒಬ್ಬನುಂಟು. ಅವನಿಗೆ ಡ್ರೈವರ್ ಎಂದು ಹೆಸರು. “ದೀಪವನ್ನು ಹೊತ್ತಿಸು, ಇಷ್ಟು ಹೆಜ್ಜೆ ಸಾಗು, ಕಂಡದ್ದನ್ನು ಹೇಳು” ಎಂಬ ಅಪ್ಪಣೆಗಳನ್ನು ಯಾವ ಅಂಕೆಗಳಲ್ಲಿ ಕೊಡಬೇಕೆಂಬುದು ಅವನಿಗೆ ಮಾತ್ರ ಗೊತ್ತು. ಕಂಪ್ಯೂಟರಿನ ವ್ಯವಸ್ಥೆಯು ಬದಲಾದಾಗ ದುಭಾಷಿಯೂ ಹೊಸ ಪಾಠವನ್ನು ಕಲಿಯಬೇಕಾಗುವುದು. 32 ಬಿಟ್ಟಿನ ವಿಂಡೋಸಿನಿಂದ 64 ಬಿಟ್ಟಿನದಕ್ಕೆ ಜನರು ದಾಟಿದ ಕಾಲದಲ್ಲಿ ಎಷ್ಟೋ ಹಳೆಯ ಸ್ಕ್ಯಾನರುಗಳಿಗೆ ತಯಾರಕರು ಹೊಸ ಡ್ರೈವರನ್ನು ಬರೆಯಲೇ ಇಲ್ಲ. ಬರೆಯಲು ಬೇಕಾದ ವಿವರಗಳನ್ನು ಬೇರೆಯವರಿಗೆ ತಿಳಿಸಲೂ ಇಲ್ಲ. ಗಾಜು, ದೀಪ, ಮೋಟಾರುಗಳೆಲ್ಲವೂ ನೆಟ್ಟಗಿದ್ದು ಮಾತು ಬಲ್ಲವನೊಬ್ಬನು ಇಲ್ಲದ್ದರಿಂದ ಯಂತ್ರವು ಮೂಕವಾಯಿತು.

ಲಿನಕ್ಸಿನಲ್ಲಿ ಈ ಕೆಲಸವು ಬೇರೆ ರೀತಿಯಲ್ಲಿ ನಡೆದು ಬಂದಿದೆ. 1990ರ ದಶಕದ ಉತ್ತರಾರ್ಧದಲ್ಲಿ ಡೇವಿಡ್ ಮೋಸ್‌ಬರ್ಗರ್ ಮತ್ತು ಆಂಡ್ರಿಯಾಸ್ ಬೆಕ್ ಎಂಬವರು ಸೇನ್ ಎಂಬ ಯೋಜನೆಗೆ ಅಡಿಗಲ್ಲನ್ನಿಟ್ಟರು. ‘ಸ್ಕ್ಯಾನರ್ ಆಕ್ಸೆಸ್ ನೌ ಈಸಿ’ ಎಂಬ ನಾಲ್ಕು ಪದಗಳ ಮೊದಲಕ್ಷರಗಳಿಂದಾದ ಈ ಹೆಸರಿಗೆ ಇಂಗ್ಲಿಷಿನಲ್ಲಿ ಸ್ವಸ್ಥ ಬುದ್ಧಿಯುಳ್ಳದ್ದು ಎಂಬ ಅರ್ಥವೂ ಉಂಟು. ಸ್ಕ್ಯಾನರಿನೊಡನೆ ಮಾತನಾಡುವ ಭಾಗವನ್ನು ಒಂದು ಕಡೆಗೂ, ನಮ್ಮ ಕಣ್ಣಿಗೆ ಕಾಣುವ ಕಿಟಕಿ ಗುಂಡಿಗಳ ಭಾಗವನ್ನು ಇನ್ನೊಂದು ಕಡೆಗೂ ಬೇರ್ಪಡಿಸಿದ್ದೇ ಅದರ ಹಿರಿಮೆ. ಮೊದಲನೆಯದಕ್ಕೆ ಬ್ಯಾಕೆಂಡ್ ಎಂದೂ ಎರಡನೆಯದಕ್ಕೆ ಫ್ರಂಟೆಂಡ್ ಎಂದೂ ಹೆಸರು. ಒಂದು ಬದಲಾದರೂ ಇನ್ನೊಂದು ಉಳಿಯುವುದು. ಇದಲ್ಲದೆ, ಲಿನಕ್ಸಿನ ತಿರುಳಾದ ಕರ್ನೆಲ್‌ನ 2.4ನೆಯ ಶ್ರೇಣಿಯಲ್ಲಿ ಯುಎಸ್‌ಬಿ ಸ್ಕ್ಯಾನರಿಗೆಂದೇ ಇದ್ದ ಭಾಗವನ್ನು 2.6ನೆಯ ಶ್ರೇಣಿಯಲ್ಲಿ ತೆಗೆದುಹಾಕಿ, ಆ ಕೆಲಸವನ್ನು ತಿರುಳಿನ ಹೊರಗಿರುವ ಲಿಬ್‌ಯುಎಸ್‌ಬಿ ಎಂಬುದಕ್ಕೆ ವಹಿಸಲಾಯಿತು. ಆದುದರಿಂದ ತಿರುಳು ಎಷ್ಟು ಸಲ ಹೊಸದಾದರೂ ಸ್ಕ್ಯಾನರಿಗೆ ಅದರಿಂದ ಬಾಧಕವು ಕಡಿಮೆ. ಮೇಲೆ ಹೇಳಿದ ಲೈಡ್ 20ನ್ನು ನಡೆಯಿಸುವ ಬ್ಯಾಕೆಂಡಿನ ಹೆಸರು ಪ್ಲಸ್‌ಟೆಕ್. ಕ್ಯಾನನ್ನಿನ ಯಂತ್ರಕ್ಕೆ ಬೇರೊಂದು ಸಂಸ್ಥೆಯ ಹೆಸರೇಕೆ? ಯಾಕಂದರೆ ಪ್ಲಸ್‌ಟೆಕ್, ಕ್ಯಾನನ್, ಎಪ್ಸನ್, ಎಚ್‌ಪಿ ಎಂದು ಹೊರಗೆ ಬೇರೆ ಬೇರೆ ಹೆಸರುಗಳುಳ್ಳ ಆ ಕಾಲದ ಕೆಲವು ಸ್ಕ್ಯಾನರುಗಳ ಒಳಗೆ ನ್ಯಾಷನಲ್ ಸೆಮಿಕಂಡಕ್ಟರ್ ಎಂಬವರ ಒಂದೇ ಜಾತಿಯ ಚಿಪ್ಪು ಇರುವುದು. ಮುಚ್ಚಳದ ಮೇಲಿನ ಹೆಸರನ್ನಷ್ಟೇ ಓದಿದವರಿಗೆ ಇದು ತಿಳಿಯದು. ಒಳಗನ್ನು ವಿಚಾರಿಸಿದವರಿಗೆ ಮಾತ್ರ ತಿಳಿಯುವುದು.

ಇನ್ನು ಹೊಸ ಲಿನಕ್ಸಿನಲ್ಲಿ ಹಳೆಯ ಸ್ಕ್ಯಾನರು ಕಾಣಿಸದೆ ಹೋದರೆ ಮಾಡತಕ್ಕದ್ದೇನು? ವೈದ್ಯರು ರೋಗಿಯನ್ನು ಪರೀಕ್ಷಿಸುವಂತೆ ಒಂದೊಂದಾಗಿ ವಿಚಾರಿಸುತ್ತ ಹೋಗಬೇಕು. ತಂತಿಯನ್ನು ಸಿಕ್ಕಿಸಿ, ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆಯನ್ನು ಕೊಟ್ಟರೆ ಕಂಪ್ಯೂಟರಿಗೆ ಯಾವ ಯಾವ ಉಪಕರಣಗಳು ಅಂಟಿಕೊಂಡಿವೆಯೆಂಬ ಪಟ್ಟಿ ಬರುವುದು. ಅದರಲ್ಲಿ ಸ್ಕ್ಯಾನರಿನ ಹೆಸರೋ ಗುರುತಿನ ಅಂಕೆಯೋ ಇಲ್ಲವಾದರೆ ದೋಷವು ತಂತಿಯಲ್ಲಿಯೋ ಯಂತ್ರದಲ್ಲಿಯೋ ಇರುವುದು. ಇದ್ದರೆ ಯಂತ್ರಕ್ಕೆ ಜೀವವಿದೆಯೆಂದು ಧೈರ್ಯ ತಾಳಬಹುದು. ತರುವಾಯ ಸೇನ್ ಯೋಜನೆಯವರು ಪ್ರಕಟಿಸಿರುವ ಯಂತ್ರಗಳ ಪಟ್ಟಿಯನ್ನು ನೋಡಬೇಕು. ಯಾವ ಯಂತ್ರವು ಪೂರ್ಣವಾಗಿ ನಡೆಯುವುದು, ಯಾವುದು ತಕ್ಕಮಟ್ಟಿಗೆ, ಯಾವುದು ನಡೆಯುವುದೇ ಇಲ್ಲ ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

ಪಟ್ಟಿಯಲ್ಲಿ ಹೆಸರಿದ್ದೂ ಯಂತ್ರವು ನಡೆಯದಿದ್ದರೆ ಕಾರಣಗಳು ಹೆಚ್ಚಾಗಿ ಕೆಲವೇ. ಮೊದಲನೆಯದು ಅನುಮತಿ. ಸ್ಕ್ಯಾನ್‌ಇಮೇಜ್ ಎಂಬ ಆಜ್ಞೆಯನ್ನು ದೊಡ್ಡ ಎಲ್ ಅಕ್ಷರದೊಡನೆ ಕೊಟ್ಟಾಗ ಯಜಮಾನನ ಅಧಿಕಾರದಲ್ಲಿ ಕಾಣುವ ಸ್ಕ್ಯಾನರು ಸಾಮಾನ್ಯ ಬಳಕೆದಾರಳಿಗೆ ಕಾಣದೆ ಹೋದರೆ, ಯಂತ್ರವನ್ನು ಮುಟ್ಟುವ ಹಕ್ಕು ಅವಳಿಗೆ ಇಲ್ಲವೆಂದೇ ಅರ್ಥ. ಆಗ ಅವಳ ಹೆಸರನ್ನು ಸ್ಕ್ಯಾನರ್ ಎಂಬ ಗುಂಪಿಗೆ ಸೇರಿಸುವುದು, ಇಲ್ಲವೆ ಯುಡೆವ್ ಎಂಬುದರ ನಿಯಮದಲ್ಲಿ ಆ ಯಂತ್ರವನ್ನು ನಮೂದಿಸುವುದು ತಕ್ಕ ಪರಿಹಾರವೇ ಹೊರತು, ಎಂದೆಂದಿಗೂ ಯಜಮಾನನ ಅಧಿಕಾರದಲ್ಲಿಯೇ ಕೆಲಸ ಮಾಡುವುದು ಪರಿಹಾರವಲ್ಲ. ಎರಡನೆಯದು, ಬ್ಯಾಕೆಂಡುಗಳ ಹೆಸರುಗಳನ್ನು ಬರೆದಿಟ್ಟ ಡಿಎಲ್‌ಎಲ್ ಕಡತದಲ್ಲಿ ನಮಗೆ ಬೇಕಾದ ಹೆಸರಿನ ಮುಂದೆ ಹ್ಯಾಶ್ ಚಿಹ್ನೆಯಿದ್ದು ಅದು ನಿಷ್ಕ್ರಿಯವಾಗಿರುವುದು, ಚಿಹ್ನೆಯನ್ನು ಅಳಿಸಿದರಾಯಿತು. ಮೂರನೆಯದು, ಕೆಲವು ಸ್ಕ್ಯಾನರುಗಳು ವಿದ್ಯುತ್ತು ಬಂದೊಡನೆ ತಮ್ಮ ಬುದ್ಧಿಯನ್ನು ಕಂಪ್ಯೂಟರಿನಿಂದಲೇ ಪಡೆಯುವ ಜಾತಿಯವು. ಫರ್ಮ್‌ವೇರ್ ಎಂಬ ಆ ಕಡತವು ತಯಾರಕರ ಹಳೆಯ ಸಿಡಿಯಲ್ಲಿರುವುದು. ಅದನ್ನು ತೆಗೆದು ಸೇನ್ ಹೇಳುವ ಸ್ಥಳದಲ್ಲಿ ಇಡಬೇಕು. ಆದಕಾರಣ ಯಂತ್ರದೊಡನೆ ಬಂದ ಸಿಡಿಯನ್ನು ಯಾರೂ ಬಿಸಾಡಬಾರದು.

ನಾಲ್ಕನೆಯ ಕಾರಣವು ತಯಾರಕರೇ ಲಿನಕ್ಸಿಗಾಗಿ ಕೊಟ್ಟ ಕೆಲವು ಡ್ರೈವರುಗಳಿಗೆ ಸಂಬಂಧಿಸಿದ್ದು. ಅವು ತಮ್ಮ ಗ್ರಂಥಾಲಯ ಕಡತಗಳನ್ನು ಹಳೆಯ ಪದ್ಧತಿಯ ಸ್ಥಳದಲ್ಲಿ ಇಡುವುವು. ಹೊಸ ಡೆಬಿಯನ್, ಉಬುಂಟು ಮುಂತಾದವು 64 ಬಿಟ್ಟಿನ ಕಡತಗಳನ್ನು ಬೇರೊಂದು ಕೋಶದಲ್ಲಿ ಹುಡುಕುವುವು. ಪುಸ್ತಕವು ಇದೆ, ಕಪಾಟು ಮಾತ್ರ ಬೇರೆ! ಹಳೆಯ ಸ್ಥಳದಿಂದ ಹೊಸ ಸ್ಥಳಕ್ಕೆ ಒಂದು ಕೊಂಡಿಯನ್ನು ಕಟ್ಟಿದರೆ ಸ್ಕ್ಯಾನರು ಕಣ್ಣು ತೆರೆಯುವುದು. ಐದನೆಯದು, ಹಳೆಯ ಯಂತ್ರಗಳು ಕೆಲವೊಮ್ಮೆ ಯುಎಸ್‌ಬಿ 3ರ ದ್ವಾರದಲ್ಲಿ ತಡವರಿಸುವುವು. ಯುಎಸ್‌ಬಿ 2ರ ದ್ವಾರಕ್ಕೆ ಹಾಕಿದರೆ, ಅಥವಾ ನಡುವೆ ಹಳೆಯದೊಂದು ಹಬ್ಬನ್ನು ಇಟ್ಟರೆ, ಹಲವು ಸಲ ಸರಿಹೋಗುವುದು. ಒಮ್ಮೆ ನಡೆದು ಎರಡನೆಯ ಸಲ ಮೊಂಡುಹಿಡಿಯುವ ಯಂತ್ರಕ್ಕಾಗಿ ಸೇನ್‌ನಲ್ಲಿಯೇ ಯುಎಸ್‌ಬಿ ವರ್ಕ್‌ಅರೌಂಡ್ ಎಂಬ ಒಂದು ಉಪಾಯವನ್ನು ಇಟ್ಟಿರುವರು.

ಇದನ್ನೆಲ್ಲ ಓದಿ ಕೆಲವರು, “ಇಷ್ಟೊಂದು ತೊಂದರೆ ಯಾತಕ್ಕೆ? ಹೊಸದನ್ನು ಕೊಂಡರೆ ಮುಗಿಯಿತಲ್ಲ” ಎನ್ನಬಹುದು. ಆ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳಲಾರೆ. ಈಚಿನ ಅನೇಕ ಯಂತ್ರಗಳು ಇಎಸ್‌ಸಿಎಲ್ ಎಂಬ ಸಾಮಾನ್ಯ ಭಾಷೆಯನ್ನು ಆಡುವುದರಿಂದ ಅವುಗಳಿಗೆ ಪ್ರತ್ಯೇಕ ದುಭಾಷಿಯೇ ಬೇಕಾಗುವುದಿಲ್ಲ. ಸೇನ್ ಏರ್‌ಸ್ಕ್ಯಾನ್ ಎಂಬ ಒಂದೇ ಬ್ಯಾಕೆಂಡು ಹಲವು ಸಂಸ್ಥೆಗಳ ಯಂತ್ರಗಳನ್ನು ನಡೆಯಿಸಬಲ್ಲದು. ಕೊಳ್ಳಲೇಬೇಕಾದವರು ಅಂಥದ್ದನ್ನು ಕೊಳ್ಳುವುದು ಲೇಸು. ಆದರೆ ಇದು ನನ್ನ ವಾದವನ್ನು ಬಲಪಡಿಸುವುದೇ ಹೊರತು ಮುರಿಯುವುದಿಲ್ಲ. ಎಲ್ಲರಿಗೂ ತಿಳಿದ ಭಾಷೆಯಲ್ಲಿ ಮಾತನಾಡುವ ಯಂತ್ರಕ್ಕೆ ಆಯುಸ್ಸು ಹೆಚ್ಚು. ಗುಟ್ಟಿನ ಭಾಷೆಯ ಯಂತ್ರಕ್ಕೆ ತಯಾರಕರ ಆಸಕ್ತಿ ಇರುವ ವರೆಗೆ ಮಾತ್ರ ಆಯುಸ್ಸು.

ಇನ್ನು ಕೆಲವರು, “ಕೈಫೋನಿನ ಕ್ಯಾಮರಾ ಇರುವಾಗ ಸ್ಕ್ಯಾನರೇಕೆ?” ಎಂದು ಕೇಳುವರು. ಅಂಗಡಿಯ ಚೀಟಿಗೆ ಕ್ಯಾಮರಾ ಸಾಕು. ಹೊಲಿಗೆ ಬಿಗಿಯಾದ ಹಳೆಯ ಪುಸ್ತಕವನ್ನು ಗಾಜಿಗೆ ಅಮುಕುವುದಕ್ಕಿಂತ ಕ್ಯಾಮರಾವೇ ಲೇಸು. ಆದರೆ ಅಜ್ಜಿಯ ಮದುವೆಯ ಭಾವಚಿತ್ರ, ತಂದೆಯ ಕೈಬರಹದ ಪತ್ರ, ತರಗತಿಯ ಗುಂಪುಚಿತ್ರ ಇವುಗಳಿಗೆ ಅಂಚಿನಿಂದ ಅಂಚಿಗೆ ಒಂದೇ ಸಮನಾದ ಬೆಳಕು ಬೇಕು, ಓರೆಯಾಗದ ಅಳತೆ ಬೇಕು. ಅದನ್ನು ಸ್ಕ್ಯಾನರು ಕೊಡುವಷ್ಟು ಸುಲಭವಾಗಿ ಕೈಯಲ್ಲಿ ಹಿಡಿದ ಕ್ಯಾಮರಾ ಕೊಡಲಾರದು.

ಮತ್ತೊಂದು ಆಕ್ಷೇಪಣೆಯು ಭದ್ರತೆಯದು. ಹಳೆಯ ಸ್ಕ್ಯಾನರಿಗೋಸ್ಕರ ಬೆಂಬಲ ಮುಗಿದ ಹಳೆಯ ವ್ಯವಸ್ಥೆಯನ್ನೇ ಇಟ್ಟುಕೊಂಡು ಅದರಲ್ಲಿಯೇ ಅಂತರಜಾಲವನ್ನೂ ಬ್ಯಾಂಕಿನ ವ್ಯವಹಾರವನ್ನೂ ನಡೆಯಿಸುವವರು ಉಂಟು. ಇದು ನಿಶ್ಚಯವಾಗಿ ಅಪಾಯಕರ. ಹೊಸ ವ್ಯವಸ್ಥೆಯಲ್ಲಿ ಹಳೆಯ ಯಂತ್ರವನ್ನು ನಡೆಯಿಸಬೇಕೆಂದು ನಾನು ಹೇಳುವುದು ಈ ಅಪಾಯವನ್ನು ತಪ್ಪಿಸುವುದಕ್ಕಾಗಿಯೇ.

ಮುಚ್ಚಿಟ್ಟ ಜ್ಞಾನದಿಂದ ಆಗುವ ಹಾನಿಯನ್ನು ಕುರಿತು ಒಂದು ಐತಿಹಾಸಿಕ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. 1980ರ ಸುಮಾರಿಗೆ ಅಮೇರಿಕಾದ ಎಂಐಟಿ ವಿದ್ಯಾಸಂಸ್ಥೆಯ ಒಂದು ಪ್ರಯೋಗಶಾಲೆಗೆ ಝೆರಾಕ್ಸ್ ಸಂಸ್ಥೆಯ ಲೇಸರ್ ಮುದ್ರಣಯಂತ್ರವೊಂದು ಬಂತು. ಅದರಲ್ಲಿ ಕಾಗದವು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಹಿಂದಿನ ಮುದ್ರಣಯಂತ್ರವು ನಿಂತಾಗ ಕಾದಿದ್ದವರಿಗೆ ಸುದ್ದಿ ಮುಟ್ಟುವಂತೆ ಅದರ ಕಾರ್ಯಕ್ರಮವನ್ನು ತಿದ್ದಿದ್ದರು. ಹೊಸದಕ್ಕೂ ಹಾಗೆಯೇ ಮಾಡಲು ಹೋದರೆ ಅದರ ಮೂಲ ಬರಹವು ಸಿಕ್ಕಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಬೇರೊಂದು ವಿಶ್ವವಿದ್ಯಾಲಯದವರು, ಯಾರಿಗೂ ಕೊಡೆನೆಂದು ಮಾತುಕೊಟ್ಟದ್ದರಿಂದ, ಕೇಳಿದಾಗ ನಿರಾಕರಿಸಿದರು. 1983ರಲ್ಲಿ ಸ್ಟಾಲ್‌ಮನ್ನರು ಗ್ನೂ ಯೋಜನೆಯನ್ನು ಸಾರಿದುದಕ್ಕೆ ಈ ಅನುಭವವೂ ಒಂದು ಪ್ರೇರಣೆಯಾಯಿತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ತಿರುಳು ಆ ಯೋಜನೆಯ ಉಪಕರಣಗಳೊಡನೆ ಕೂಡಿ ಇಂದಿನ ಲಿನಕ್ಸ್ ವ್ಯವಸ್ಥೆಗಳಾದುವು. ಕಾಗದದ ಯಂತ್ರವೊಂದರ ಗುಟ್ಟು ಇಷ್ಟು ದೊಡ್ಡ ಚಳವಳಿಗೆ ಒಂದು ಕಾರಣವಾಯಿತೆಂದರೆ, ಸ್ಕ್ಯಾನರಿನ ಪ್ರಶ್ನೆಯನ್ನು ಅಲ್ಪವೆಂದು ತಳ್ಳಿಹಾಕುವುದು ಹೇಗೆ?

ತೆರೆದಿಟ್ಟ ಜ್ಞಾನದಿಂದಾದ ಲಾಭಕ್ಕೂ ಉದಾಹರಣೆಯುಂಟು, ಅದೂ ನಮ್ಮ ಕನ್ನಡಕ್ಕೆ ಸಂಬಂಧಿಸಿದ್ದು. ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ ಟೆಸರಾಕ್ಟ್ ಎಂಬ ತಂತ್ರಾಂಶವನ್ನು ಎಚ್‌ಪಿ ಸಂಸ್ಥೆಯವರು 1980ರ ದಶಕದಲ್ಲಿ ಆರಂಭಿಸಿ 1990ರ ದಶಕದ ನಡುವಿನಲ್ಲಿ ಕೈಬಿಟ್ಟಿದ್ದರು. 2005ರಲ್ಲಿ ಅದರ ಮೂಲ ಬರಹವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ತರುವಾಯ ಬೇರೆಯವರ ಕೈಯಲ್ಲಿ ಬೆಳೆದು ಅದು ಇಂದು ಕನ್ನಡದ ಅಚ್ಚಿನ ಅಕ್ಷರಗಳನ್ನೂ ಓದುವುದು; ತಪ್ಪುಗಳನ್ನು ನಾವು ತಿದ್ದಬೇಕು, ನಿಜ. ಹಳೆಯ ಸ್ಕ್ಯಾನರಿನಿಂದ ತೆಗೆದ ಒಂದು ಕನ್ನಡ ಪುಟವು ಅದೇ ಲಿನಕ್ಸಿನಲ್ಲಿ, ಕಾಸು ಖರ್ಚಿಲ್ಲದೆ, ಹುಡುಕಬಲ್ಲ ಬರಹವಾಗಬಹುದು. ಕೈಬಿಟ್ಟದ್ದನ್ನು ಬಚ್ಚಿಟ್ಟಿದ್ದರೆ ಈ ಫಲವೆಲ್ಲಿ?

2022ರ ಜುಲೈ ತಿಂಗಳಲ್ಲಿ ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯವರು ದುರಸ್ತಿಯ ಹಕ್ಕಿನ ವಿಚಾರವಾಗಿ ಒಂದು ಸಮಿತಿಯನ್ನು ನೇಮಿಸಿದರು. ಸಂತೋಷದ ಸಂಗತಿ. ಆದರೆ ದುರಸ್ತಿಯೆಂದರೆ ತಿರುಪು, ಬಿಡಿಭಾಗಗಳು ಎಂದೇ ಬಹುಮಂದಿ ಭಾವಿಸುವರು. ನಮ್ಮ ಸ್ಕ್ಯಾನರಿಗೆ ಒಂದು ತಿರುಪೂ ಬೇಡ. ಬೇಕಾದದ್ದು ಕೆಲವು ಪುಟಗಳ ವಿವರಣೆ. ಯಂತ್ರವೊಂದಕ್ಕೆ ಬೆಂಬಲವನ್ನು ನಿಲ್ಲಿಸುವ ದಿನವೇ ಅದರೊಡನೆ ಮಾತನಾಡುವ ವಿಧಾನವನ್ನು ತಯಾರಕರು ಪ್ರಕಟಿಸಬೇಕೆಂಬ ನಿಯಮವು ಬರಬೇಕೆಂದು ನನ್ನ ಅಭಿಪ್ರಾಯ. ಮಾರಿದ ವಸ್ತುವಿನ ಹಣವನ್ನು ಪಡೆದವರಿಗೆ ಇದು ಭಾರವೇನೂ ಅಲ್ಲ.

ಈಗ ಸೋದರಿಯರಾದ ಹಳೆಯ ವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ಒಂದೆರಡು ಮಾತು. ಹೊಲಿಗೆಯ ತರಗತಿಯಲ್ಲಿ ನಮ್ಮ ಹುಡುಗಿಯರಿಗೆ ಹರಿದ ಬಟ್ಟೆಗೆ ರಫು ಮಾಡುವುದನ್ನು ಕಲಿಸುವಾಗ ಅದು ಬಡತನದ ಲಕ್ಷಣವೆಂದು ಯಾರೂ ಹೇಳಲಿಲ್ಲ. ಜಾಣ್ಮೆಯ ಲಕ್ಷಣವೆಂದೇ ಹೇಳಿದರು. ಎಳೆ ಎಲ್ಲಿ ಕಡಿದಿದೆಯೆಂದು ಹುಡುಕಿ, ಅದೇ ಬಣ್ಣದ ನೂಲಿನಿಂದ ಕೂಡಿಸುವ ತಾಳ್ಮೆಯೇ ಸ್ಕ್ಯಾನರನ್ನು ಎಬ್ಬಿಸಲು ಬೇಕಾದ ತಾಳ್ಮೆ. ಹೀಗಿದ್ದೂ ಯಂತ್ರವು ನಿಂತ ಕೂಡಲೆ, “ಅಣ್ಣ ಬರಲಿ, ನೋಡುವನು” ಎಂದು ಮಗಳನ್ನು ಪಕ್ಕಕ್ಕೆ ಸರಿಸುವ ವಾಡಿಕೆ ನಮ್ಮ ಮನೆಗಳಿಂದ ಇನ್ನೂ ತೊಲಗಿಲ್ಲ. ಇದರಿಂದ ಹುಡುಗಿಯು ಕಳೆದುಕೊಳ್ಳುವುದು ಒಂದು ಯಂತ್ರವನ್ನಲ್ಲ. ತಾನೇ ವಿಚಾರಿಸಿ ಕಾರಣವನ್ನು ಕಂಡುಹಿಡಿಯಬಲ್ಲೆನೆಂಬ ಧೈರ್ಯವನ್ನು. ಆ ಧೈರ್ಯವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಆದುದರಿಂದ ಹೆತ್ತವರು ಹೊಸ ಯಂತ್ರವನ್ನು ಕೊಳ್ಳುವ ಮೊದಲು ಸೇನ್ ಪಟ್ಟಿಯನ್ನು ನೋಡುವ ಕೆಲಸವನ್ನು ಮಗಳಿಗೆ ವಹಿಸಲಿ. ಹಳೆಯ ವಿದ್ಯಾರ್ಥಿನಿಯರು ತಮ್ಮಲ್ಲಿ ಸುಮ್ಮನೆ ಬಿದ್ದಿರುವ ಸ್ಕ್ಯಾನರನ್ನು, ಅದರ ತಂತಿ ಸಿಡಿಗಳೊಡನೆ, ಶಾಲೆಗೆ ಕೊಡಲಿ. ಹತ್ತನೆಯ ತರಗತಿಯ ಹುಡುಗಿಯರು ಅವುಗಳನ್ನು ಲಿನಕ್ಸಿನಲ್ಲಿ ನಡೆಯಿಸಿ, ಶಾಲೆಯ ಹಳೆಯ ಭಾವಚಿತ್ರಗಳನ್ನೂ ಹಾಜರಿ ಪುಸ್ತಕದ ಬಿಡಿಹಾಳೆಗಳನ್ನೂ ಪ್ರತಿಮಾಡಲಿ. ಯಾವ ಉಪಾಯಕ್ಕೂ ಬಗ್ಗದೆ ನಿಜವಾಗಿಯೇ ಸತ್ತ ಯಂತ್ರಗಳು ಕೆಲವು ಇದ್ದೇ ಇರುವುವು. ಅವುಗಳನ್ನು ತಿಪ್ಪೆಗೆ ಎಸೆಯದೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸತಕ್ಕದ್ದು. ಆದರೆ ಸತ್ತಿದೆಯೆಂದು ನಿರ್ಣಯಿಸುವ ಮುನ್ನ ನಾಡಿಯನ್ನು ಹಿಡಿದು ನೋಡಿರಬೇಕು.

ಯಂತ್ರವನ್ನು ಕೊಂಡವನಿಗೆ ಅದರ ಮೇಲೆ ಹಕ್ಕು ಬರುವುದು. ಅದನ್ನು ತಿಳಿದವಳಿಗೆ ಅದರ ಮೇಲೆ ಒಡೆತನ ಬರುವುದು. ಈ ಒಡೆತನವು ನಮ್ಮ ಶಾಲೆಯಿಂದ ಹೊರಡುವ ಪ್ರತಿಯೊಬ್ಬ ಹುಡುಗಿಗೂ ದೊರೆಯಲಿ.